ಪಕ್ಕದ ಮನೆಯ ತೋಟದಿಂದ ಹೊಗೆ, ನಾತ, ತೇವ: ದೂರು ಕೊಡುವ ಮುನ್ನ ಏನು ಮಾಡಬಹುದು?

ಪಕ್ಕದ ಮನೆಯ ಹಿರಿಯರು ದಿನವೂ ಸಂಜೆ ತರಗೆಲೆಗೆ ಬೆಂಕಿ ಹಾಕುತ್ತಾರೆ, ನಡುಗೋಡೆಗೆ ಒತ್ತಿಕೊಂಡೇ ಗೊಬ್ಬರದ ರಾಶಿ ಹಾಕಿರುವುದರಿಂದ ಅದರ ನಾತ ನಿಮ್ಮ ಅಡುಗೆಮನೆಯವರೆಗೂ ಬರುತ್ತದೆ, ಅವರ ಗಿಡಗಳಿಗೆ ಬಿಟ್ಟ ನೀರಿನಿಂದ ನಿಮ್ಮ ಕಡೆಯ ಗೋಡೆ ತೇವ ಹಿಡಿದಿದೆ, ಅವರ ಮರದ ಕೊಂಬೆಯೊಂದು ನಿಮ್ಮ ಛಾವಣಿಯ ಮೇಲೆ ಚಾಚಿಕೊಂಡಿದೆ ಎಂದು ಬರೆದಿದ್ದೀರಿ. ಇಷ್ಟು ಕಾಲ ಸಹಿಸಿದ್ದಾಯಿತು, ಇನ್ನು ನೇರವಾಗಿ ದೂರು ಕೊಟ್ಟುಬಿಡಲೇ ಎಂಬುದು ನಿಮ್ಮ ಪ್ರಶ್ನೆ. ಈಗಲೇ ಬೇಡ ಎಂಬುದು ನನ್ನ ಉತ್ತರ. ನೆರೆಹೊರೆಯ ಸ್ನೇಹ ಕೆಡಬಾರದೆಂಬ ಕಾರಣಕ್ಕೆ ಮಾತ್ರ ಹೀಗೆ ಹೇಳುತ್ತಿಲ್ಲ. ನಾನೂ ಬಹುಕಾಲದಿಂದ ಗಿಡ ಬೆಳೆಸುವವನು, ಎರಡೂ ಬದಿಯಲ್ಲಿ ಗಿಡ ಬೆಳೆಸುವವರ ನಡುವೆ ಬದುಕುವವನು. ನೀವು ಹೆಸರಿಸಿರುವ ತೊಂದರೆಗಳು ತೋಟದ ಕೆಲಸ ಎಲ್ಲೋ ಕ್ರಮ ತಪ್ಪಿರುವುದರ ಲಕ್ಷಣಗಳಾಗಿ ನನಗೆ ಕಾಣುತ್ತವೆ. ಅವುಗಳಲ್ಲಿ ಎರಡಂತೂ ಒಂದಕ್ಕೊಂದು ಮದ್ದು: ಅವರು ಸುಡುತ್ತಿರುವ ಒಣ ಎಲೆಯೇ ಅವರ ಗೊಬ್ಬರದ ರಾಶಿಗೆ ಬೇಕಾಗಿರುವ ವಸ್ತು.

ಮೊದಲು ನಾತದ ವಿಷಯ, ಏಕೆಂದರೆ ಇದನ್ನು ಅರ್ಥಮಾಡಿಕೊಂಡರೆ ಹೊಗೆಯ ಅರ್ಧ ಸಮಸ್ಯೆಯೂ ಬಿಡಿಸಿಕೊಳ್ಳುತ್ತದೆ. ಸರಿಯಾಗಿ ಕಳಿಯುತ್ತಿರುವ ಗೊಬ್ಬರಕ್ಕೆ ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ಅದಕ್ಕೆ ಬದಲಾಗಿ ಮೂಗಿಗೆ ಚುಚ್ಚುವ ಅಮೋನಿಯಾದ ಘಾಟು ಬರುತ್ತಿದ್ದರೆ ರಾಶಿಯಲ್ಲಿ ಸಾರಜನಕ ಹೆಚ್ಚಾಗಿದೆ ಎಂದು ಅರ್ಥ. ಕೊಳೆತ ಮೊಟ್ಟೆಯ ನಾತ ಬರುತ್ತಿದ್ದರೆ ಒಳಗೆ ಗಾಳಿಯಾಡುತ್ತಿಲ್ಲ, ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಹೊರಬಿಡುತ್ತಿವೆ ಎಂದು ಅರ್ಥ. ನಮ್ಮ ಪಕ್ಕದ ಮನೆಯವರ ರಾಶಿಯೂ ಒಂದು ಕಾಲದಲ್ಲಿ ಹೀಗೆಯೇ ಇತ್ತು. ಅದನ್ನು ಕವಲುಗೋಲಿನಿಂದ ಎತ್ತಿ ನೋಡಿದಾಗ ಮೇಲಿನ ಗೇಣುದ್ದದ ಪದರ ಪರವಾಗಿರಲಿಲ್ಲ. ಅದರ ಕೆಳಗೆ ಕೊಯ್ದ ಹುಲ್ಲು ಚಾಪೆಯಂತೆ ಒಂದರ ಮೇಲೊಂದು ಅಂಟಿಕೊಂಡು, ಕಪ್ಪಾಗಿ, ಲೋಳೆಯಾಗಿತ್ತು. ಹಸಿ ಹುಲ್ಲನ್ನೂ ಅಡುಗೆಮನೆಯ ಕಸವನ್ನೂ ಬರಿದೇ ಒಟ್ಟಿದರೆ ಆಗುವುದೇ ಇದು.

ಗೊಬ್ಬರ ಮಾಡುವವರು ಇಂಗಾಲ ಮತ್ತು ಸಾರಜನಕದ ಪ್ರಮಾಣವನ್ನು ಸುಮಾರು 25ರಿಂದ 30ಕ್ಕೆ 1ರಂತೆ ಇಡಲು ನೋಡುತ್ತಾರೆ. ಹಸಿ ಹುಲ್ಲು, ತರಕಾರಿ ಸಿಪ್ಪೆ ಇವುಗಳಲ್ಲಿ ಸಾರಜನಕವೇ ಜೋರು. ಒಣ ಎಲೆ, ಒಣ ಕಡ್ಡಿ, ಹರಿದ ರಟ್ಟು ಇವುಗಳಲ್ಲಿ ಇಂಗಾಲ ಹೆಚ್ಚು. ತೂಕ ಹಾಕುವ ಗೋಜೇನೂ ಬೇಡ, ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಮೂರು ಬುಟ್ಟಿ ಒಣ ಎಲೆ ಸುರಿದರೆ ಸಾಕು. ತೇವ ಎಷ್ಟಿರಬೇಕೆಂದರೆ, ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಇಣುಕಬೇಕು, ಧಾರೆಯಾಗಿ ಇಳಿಯಬಾರದು. ವಾರಕ್ಕೊಮ್ಮೆ ಮಗುಚಿ ಹಾಕಿ, ಮೇಲೆ ಒಂದು ಪದರ ಒಣ ಎಲೆ ಮುಚ್ಚಿದರೆ ನೊಣವೂ ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ನೀವೂ ಅವರೂ ಮೊದಲೇ ತಿಳಿದಿರಬೇಕು: ಕೆಟ್ಟುಹೋದ ರಾಶಿಯನ್ನು ಮೊದಲ ಸಲ ಮಗುಚಿದ ದಿನ ನಾತ ಹಿಂದೆಂದೂ ಇಲ್ಲದಷ್ಟು ಏಳುತ್ತದೆ. ಇದನ್ನು ಹೇಳದೆ ಮಗುಚಲು ಹೇಳಿದರೆ, ನಿಮ್ಮ ಮಾತು ಕೇಳಿಯೇ ಕೆಟ್ಟಿತು ಎಂದು ಅವರೂ, ಬೇಕೆಂದೇ ಮಾಡಿದರು ಎಂದು ನಿಮ್ಮ ಮನೆಯವರೂ ತಿಳಿದುಕೊಳ್ಳುವ ಅಪಾಯವಿದೆ. ಗಾಳಿ ನಿಮ್ಮ ಮನೆಯಿಂದಾಚೆಗೆ ಬೀಸುವ ಹೊತ್ತನ್ನು ಆರಿಸಿ, ಕಿಟಕಿ ಮುಚ್ಚಿಕೊಂಡು ಆ ದಿನವನ್ನು ಕಳೆಯಿರಿ. ಆಮೇಲೆ ಎರಡು ಮೂರು ವಾರದಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಈಗ ಹೊಗೆ. ತರಗೆಲೆಯ ಬೆಂಕಿ ನಿಜವಾಗಿ ಉರಿಯುವುದೇ ಅಪರೂಪ. ಎಲೆಯಲ್ಲಿ ಪಸೆಯಿರುವುದರಿಂದಲೂ ರಾಶಿಯೊಳಗೆ ಗಾಳಿ ಸಾಲದಿರುವುದರಿಂದಲೂ ಅದು ಗಂಟೆಗಟ್ಟಲೆ ಹೊಗೆಯಾಡುತ್ತದೆ, ಮತ್ತು ಅರೆಬರೆ ಸುಡುವ ಇಂಥ ಬೆಂಕಿಯಿಂದಲೇ ಇಂಗಾಲದ ಮಾನಾಕ್ಸೈಡೂ 2.5 ಮೈಕ್ರೋಮೀಟರಿಗಿಂತ ಚಿಕ್ಕದಾದ, ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳೂ ಹೆಚ್ಚಾಗಿ ಹೊರಬರುತ್ತವೆ. ಸಂಜೆ ನೆಲ ತಣ್ಣಗಾಗುತ್ತಿದ್ದಂತೆ ಅದನ್ನು ತಾಗಿರುವ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ನಿಲ್ಲುತ್ತದೆ, ಹೊಗೆ ಮೇಲೇರಲಾರದೆ ಕಿಟಕಿಯ ಮಟ್ಟದಲ್ಲೇ ಹರಡುತ್ತದೆ. ಎಲೆ ಗುಡಿಸಿ ಮುಗಿಯುವುದೇ ಸಂಜೆಗಾದ್ದರಿಂದ ಬೆಂಕಿ ಹಾಕುವವರಿಗೆ ಅದೇ ಅನುಕೂಲದ ಹೊತ್ತು, ನಿಮಗೆ ಅದೇ ಅತ್ಯಂತ ಕೆಟ್ಟ ಹೊತ್ತು. ಹೊತ್ತು ಬದಲಿಸಿ ಎಂದು ಕೇಳುವುದಕ್ಕಿಂತ ಸುಡುವುದನ್ನೇ ನಿಲ್ಲಿಸಿ ಎಂದು ಕೇಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಅನೇಕ ನಗರಾಡಳಿತಗಳು ಎಲೆ ಸುಡುವುದನ್ನು ನಿಷೇಧಿಸಿಯೂ ಇವೆ. ಆದರೆ ನಿಲ್ಲಿಸಿ ಎನ್ನುವವರು ಎಲೆಯನ್ನು ಏನು ಮಾಡಬೇಕೆಂಬುದನ್ನೂ ಹೇಳಬೇಕು. ನಾಲ್ಕಾರು ಗೋಣಿಚೀಲಗಳಲ್ಲಿ ಎಲೆ ತುಂಬಿ ಮಳೆ ತಾಗದ ಮೂಲೆಯಲ್ಲಿಟ್ಟರೆ ವರ್ಷವಿಡೀ ಗೊಬ್ಬರದ ರಾಶಿಗೆ ಬೇಕಾದ ಒಣ ಕಸ ಕೈಗೆ ಸಿಗುತ್ತದೆ. ಮಿಕ್ಕಿದ್ದನ್ನು ಗಿಡದ ಬುಡಕ್ಕೆ ಹೊದಿಕೆಯಾಗಿ ಹರಡಿದರೆ ನೆಲದ ತೇವ ಬೇಗ ಆರುವುದಿಲ್ಲ, ಹಾಗಾಗಿ ಅವರು ಬಿಡುವ ನೀರೂ ತಗ್ಗುತ್ತದೆ. ಚೀಲಗಳನ್ನು ನೀವೇ ತಂದುಕೊಟ್ಟರೆ ಇನ್ನೂ ಒಳ್ಳೆಯದು. ತೋಟದವರಿಗೆ ಖಾಲಿ ಚೀಲ ಎಂದೂ ಹೆಚ್ಚಾಗುವುದಿಲ್ಲ.

ಗೋಡೆಯ ತೇವವನ್ನು ನಾನು ಇವೆರಡಕ್ಕಿಂತ ಗಂಭೀರವೆಂದು ಎಣಿಸುತ್ತೇನೆ, ಏಕೆಂದರೆ ಹೊಗೆ ನಿಂತರೆ ಅಲ್ಲಿಗೆ ಮುಗಿಯಿತು, ತೇವ ಮಾಡಿದ ಹಾನಿ ಹಾಗೇ ಉಳಿಯುತ್ತದೆ. ಮಣ್ಣಿನಲ್ಲಿ, ಇಟ್ಟಿಗೆಯಲ್ಲಿ, ಗಾರೆಯಲ್ಲಿ ಇರುವ ಲವಣಗಳನ್ನು ಕರಗಿಸಿಕೊಂಡು ಬರುವ ನೀರು ನಿಮ್ಮ ಕಡೆಯ ಮೈಯಲ್ಲಿ ಆವಿಯಾಗುತ್ತದೆ, ಲವಣ ಅಲ್ಲೇ ಹರಳುಗಟ್ಟುತ್ತದೆ. ಬಣ್ಣ ಗುಳ್ಳೆಯೇಳುವುದು, ಬಿಳಿ ಹಿಟ್ಟು ಕೈಗೆ ಹತ್ತುವುದು, ಕೊನೆಗೆ ಗಾರೆ ಉದುರುವುದು ಇದರಿಂದಲೇ. ಗೋಡೆಗೆ ಒತ್ತಿ ಮಣ್ಣನ್ನೋ ಗೊಬ್ಬರವನ್ನೋ ಪೇರಿಸಿದರೆ, ಅಡಿಪಾಯದ ಮೇಲೆ ತೇವ ತಡೆಯಲು ಹಾಕಿರುವ ಪದರವನ್ನೂ ದಾಟಿ ನೀರು ಗೋಡೆಯೊಳಕ್ಕೆ ಹೋಗುತ್ತದೆ. ರಾಶಿಯನ್ನು ಗೋಡೆಯಿಂದ ಒಂದೆರಡು ಅಡಿ ಆಚೆಗೆ ಸರಿಸುವುದು, ಪೈಪನ್ನು ಬುಡದಲ್ಲಿ ಬಿಟ್ಟು ಮರೆಯದಿರುವುದು, ಇವೆರಡು ಆಗದೆ ನೀವು ಎಷ್ಟು ಸಲ ಸುಣ್ಣ ಬಣ್ಣ ಬಳಿದರೂ ಅದು ನಿಲ್ಲುವುದಿಲ್ಲ. ಆದ ಮೇಲೂ ಗೋಡೆ ಒಣಗಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಬಳಿಯಲು ಹೋಗಬೇಡಿ. ಮಾತೆತ್ತುವ ಮೊದಲು ನಿಮ್ಮ ಕಡೆಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ನೀರಿನ ಮೀಟರಿನ ಅಂಕಿ ಬರೆದಿಟ್ಟು, ಬೆಳಿಗ್ಗೆ ಅದು ಏರಿದೆಯೇ ನೋಡಿ. ಏರಿದ್ದರೆ ಸೋರಿಕೆ ನಿಮ್ಮದೇ ಕೊಳವೆಯಲ್ಲಿದೆ.

ಗೋಡೆಯಾಚೆ ಕುಂಡಗಳ ಕೆಳಗೆ ತಟ್ಟೆಗಳಿದ್ದರೆ, ನೀವು ಕೇಳದಿದ್ದರೂ, ಅದನ್ನೂ ಗಮನಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಸ್ವಲ್ಪ ನೀರಿನಲ್ಲೇ ಬೆಳೆಯುತ್ತದೆ, ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ನೀರಿನ ಅಂಚಿನ ಮೇಲೆ ತಟ್ಟೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುವುದರಿಂದ ತಟ್ಟೆಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು. ಈ ಸೊಳ್ಳೆ ಬಹು ದೂರ ಹಾರುವುದಿಲ್ಲವಾದ್ದರಿಂದ ಹಗಲಿನಲ್ಲಿ ನಿಮ್ಮನ್ನು ಕಚ್ಚುತ್ತಿರುವುದು ಅವರ ಮನೆಯದೋ ನಿಮ್ಮದೇ ಮನೆಯದೋ ಆಗಿರುವ ಸಂಭವ ಹೆಚ್ಚು.

ಕೊಂಬೆಯ ವಿಷಯದಲ್ಲಿ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾದರೂ ಒಂದು ಹಳೆಯ ತೀರ್ಪನ್ನು ತಿಳಿದಿರುವುದು ಒಳ್ಳೆಯದು. 1894ರಲ್ಲಿ, ಆಗ ಇಂಗ್ಲೆಂಡಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 'ಲೆಮನ್ ವಿರುದ್ಧ ವೆಬ್' ಮೊಕದ್ದಮೆಯಲ್ಲಿ, ಪಕ್ಕದವರ ನೆಲಕ್ಕೆ ಕಾಲಿಡದೆ ತನ್ನ ಗಡಿಯೊಳಗೆ ಚಾಚಿದ ಕೊಂಬೆಯನ್ನು ಗಡಿಯವರೆಗೆ ಕತ್ತರಿಸಲು ಮುಂಚಿತವಾಗಿ ತಿಳಿಸುವ ಅಗತ್ಯವಿಲ್ಲ ಎಂದು ಹೇಳಿತು. ಹಾಗೆಂದು ನೀವು ನಾಳೆಯೇ ಗರಗಸ ಹಿಡಿಯಬೇಕಿಲ್ಲ. ಮರ ಕಡಿಯಲು, ಕೊಂಬೆ ಸವರಲು ಅನುಮತಿ ಬೇಕಾಗುವ ಕಡೆಗಳು ಬಹಳ ಇವೆ. ಕತ್ತರಿಸಿದ ಕೊಂಬೆ ಮರದ ಯಜಮಾನರದೇ ಆಗುತ್ತದೆ. ಅದನ್ನು ಗೋಡೆಯಾಚೆ ಎಸೆದರೆ ಹೊಸ ಜಗಳಕ್ಕೆ ದಾರಿ. ಅದಲ್ಲದೆ ಗಡಿಯ ಗೆರೆಗೆ ಸರಿಯಾಗಿ ಕೊಂಬೆಯ ನಡುವಿನಲ್ಲಿ ಕೊಯ್ದರೆ ಉಳಿದ ಮೋಟು ಒಣಗಿ ಕೊಳೆಯುತ್ತದೆ, ಆ ಕೊಳೆಯುವಿಕೆ ಕಾಂಡಕ್ಕೂ ಹರಡಬಹುದು. ಕೊಂಬೆ ಕಾಂಡವನ್ನು ಸೇರುವಲ್ಲಿ ಉಬ್ಬಿದ ಉಂಗುರವೊಂದು ಇರುತ್ತದೆ. ಅದರ ಹೊರಗೆ, ಅದನ್ನು ಗಾಯಗೊಳಿಸದೆ ಕೊಯ್ದರೆ ಮರ ತಾನೇ ಗಾಯವನ್ನು ಮುಚ್ಚಿಕೊಳ್ಳುತ್ತದೆ. ಆ ಜಾಗ ಅವರ ನೆಲದಲ್ಲಿರುವುದರಿಂದ ಅವರ ಒಪ್ಪಿಗೆಯಿಲ್ಲದೆ ಈ ಕೆಲಸ ಸರಿಯಾಗಿ ಆಗುವುದೇ ಇಲ್ಲ. ಮರ ಬಲ್ಲ ಕೆಲಸಗಾರರನ್ನು ಕರೆಸಿ, ಕೂಲಿಯಲ್ಲಿ ಪಾಲು ಕೊಡುತ್ತೇನೆ ಎನ್ನಿ. ನಿಮ್ಮ ಅಂಗಳಕ್ಕೆ ಉದುರುವ ಎಲೆಯ ಬಗ್ಗೆ ಮಾತ್ರ ದಯವಿಟ್ಟು ತಕರಾರು ತೆಗೆಯಬೇಡಿ. ಅದನ್ನು ಯಾರೂ ತಡೆಯಲಾರರು, ಮತ್ತು ಅದನ್ನೂ ಸೇರಿಸಿದರೆ ನಿಮ್ಮ ಉಳಿದ ಮಾತುಗಳ ತೂಕ ಇಳಿಯುತ್ತದೆ.

ಮಾತನಾಡುವ ಬಗೆಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಬೆಂಕಿ ಹೊಗೆಯಾಡುತ್ತಿರುವಾಗ ಹೋಗಬೇಡಿ, ಬೆಳಿಗ್ಗೆ ಅವರು ಗಿಡಗಳ ನಡುವೆ ಇರುವಾಗ ಹೋಗಿ. ಒಮ್ಮೆಗೆ ಒಂದೇ ವಿಷಯ ಎತ್ತಿ. ಅವರು ಏನು ಮಾಡಬೇಕೆಂಬುದನ್ನು ಸ್ಪಷ್ಟವಾಗಿ ಕೇಳಿ. "ಸರ್, ನಿಮ್ಮ ತೋಟದಿಂದ ನಮಗೆ ಬಹಳ ತೊಂದರೆ" ಎಂದರೆ ಅವರಿಗೆ ಸಮರ್ಥಿಸಿಕೊಳ್ಳುವುದೊಂದೇ ದಾರಿ. "ಸರ್, ಈ ರಾಶಿಯನ್ನು ಎರಡಡಿ ಆಚೆಗೆ ಹಾಕಿಕೊಂಡರೆ ನಮ್ಮ ಗೋಡೆ ಉಳಿಯುತ್ತೆ, ಸರಿಸುವಾಗ ನಾನೂ ಬಂದು ಕೈಜೋಡಿಸ್ತೀನಿ" ಎಂದರೆ ಹೂಂ ಅನ್ನುವುದು ಸುಲಭ. ಬೀದಿಯವರೆಲ್ಲ ಇರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದು ಕೊನೆಯ ಉಪಾಯವೂ ಅಲ್ಲ. ಹಿರಿಯರೊಬ್ಬರು ನಾಲ್ಕು ಜನರ ಮುಂದೆ ತಪ್ಪಿತಸ್ಥರಾಗಿ ನಿಂತ ಮೇಲೆ ಯಾವ ಒಳ್ಳೆಯ ಸಲಹೆಯೂ ಅವರ ಕಿವಿಗೆ ಬೀಳುವುದಿಲ್ಲ.

ಇಷ್ಟಾಗಿಯೂ ಅವರು ಒಪ್ಪದಿದ್ದರೆ ದೂರು ಕೊಡಲು ಹಿಂಜರಿಯಬೇಡಿ, ಆದರೆ ಅದಕ್ಕೆ ಸಿದ್ಧತೆ ಇಂದಿನಿಂದಲೇ ನಡೆಯಲಿ. ಒಂದು ಪುಸ್ತಕದಲ್ಲಿ ದಿನಾಂಕ, ಬೆಂಕಿ ಹಾಕಿದ ಹೊತ್ತು, ಹೊಗೆ ಎಷ್ಟು ಹೊತ್ತು ಇತ್ತು, ಮನೆಯಲ್ಲಿ ಯಾರಿಗೆ ಏನಾಯಿತು ಎಂದು ಆಯಾ ದಿನವೇ ಬರೆದಿಡಿ; ಗೋಡೆಯ ಒಂದೇ ಜಾಗದ ಚಿತ್ರವನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತಿಂಗಳಿಗೊಮ್ಮೆ ತೆಗೆಯಿರಿ. ನಾತವನ್ನು ಚಿತ್ರದಲ್ಲಿ ಹಿಡಿಯಲಾಗದ ಕಾರಣ ಅದಕ್ಕೆ ಬರಹವೇ ಸಾಕ್ಷಿ. ಕ್ಯಾಮೆರಾ ನಿಮ್ಮ ಗೋಡೆಯ ಕಡೆಗಿರಲಿ, ಅವರ ಕಿಟಕಿ ಬಾಗಿಲುಗಳ ಕಡೆಗೆ ತಿರುಗಬಾರದು. ಉಪದ್ರವದ ಮೊಕದ್ದಮೆಗಳಲ್ಲಿ ನ್ಯಾಯಾಲಯಗಳು ತೊಂದರೆ ಎಷ್ಟು ಸಲ, ಎಷ್ಟು ಹೊತ್ತು, ಸಾಮಾನ್ಯ ಮನುಷ್ಯನಿಗೆ ಸಹಿಸಲಾಗದಷ್ಟು ಇತ್ತೇ ಎಂಬುದನ್ನೇ ನೋಡುತ್ತವೆ. 1865ರಲ್ಲಿ ತಾಮ್ರ ಕರಗಿಸುವ ಕಾರ್ಖಾನೆಯೊಂದರ ಹೊಗೆಯಿಂದ ಪಕ್ಕದ ಎಸ್ಟೇಟಿನ ಗಿಡಮರಗಳು ಹಾಳಾದ ಮೊಕದ್ದಮೆಯಲ್ಲಿ ಅದೇ ಹೌಸ್ ಆಫ್ ಲಾರ್ಡ್ಸ್, ಆಸ್ತಿಗೆ ಆಗುವ ಕಣ್ಣಿಗೆ ಕಾಣುವ ಹಾನಿ ಬೇರೆ, ಮನುಷ್ಯನಿಗೆ ಆಗುವ ಕಿರಿಕಿರಿ ಬೇರೆ ಎಂದು ವಿಂಗಡಿಸಿತು. ಕಿರಿಕಿರಿಯನ್ನು ಅಳೆಯುವಾಗ ಸುತ್ತಲಿನ ಪ್ರದೇಶ ಎಂಥದೆಂದು ನೋಡಬೇಕು, ಹಾನಿಗೆ ಆ ನೆಪ ನಡೆಯದು ಎಂಬುದು ಅದರ ನಿಲುವು. ಆದುದರಿಂದ ನೀವು ದೂರು ಬರೆಯುವುದೇ ಆದರೆ ಉದುರುತ್ತಿರುವ ಗಾರೆಯಿಂದ ಆರಂಭಿಸಿ, ಹೊಗೆಯನ್ನು ಎರಡನೆಯದಾಗಿ, ನಾತವನ್ನು ಕೊನೆಗೆ ಇಡಿ. ನೀವು ಹೋಗಿ ಮಾತನಾಡಿದ ದಿನ ಯಾವುದು, ಏನು ಕೇಳಿದಿರಿ, ಅವರು ಏನೆಂದರು ಎಂಬುದನ್ನೂ ಅದರಲ್ಲಿ ಬರೆಯಿರಿ. ಕೊಂಬೆಯ ಸಂಗತಿಯನ್ನು ಆ ಪತ್ರದಲ್ಲಿ ಸೇರಿಸಬೇಡಿ. ಮರಗಳ ಅನುಮತಿಯನ್ನು ನೋಡಿಕೊಳ್ಳುವ ವಿಭಾಗ ಸಾಮಾನ್ಯವಾಗಿ ಬೇರೆಯೇ ಇರುವುದರಿಂದ, ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಅದು ಮೇಜಿನಿಂದ ಮೇಜಿಗೆ ಅಲೆಯುತ್ತದೆ.