ಪೆಂಟಾ ಎರಡನೇ ಡೋಸ್ ತಪ್ಪಿದ್ದಕ್ಕೆ ಮೊದಲಿಂದ ಶುರು ಮಾಡಬೇಕಾ?

ಮೊದಲ ಪೆಂಟಾ (ಐದು ರೋಗಗಳನ್ನು ತಡೆಯುವ ಒಂದೇ ಲಸಿಕೆ) ಹಾಕಿಸಿದ ರಾತ್ರಿ ಜ್ವರ ಬಂದಿದ್ದು ಬಹುಶಃ ಅದರಲ್ಲಿರುವ ನಾಯಿಕೆಮ್ಮಿನ ಲಸಿಕೆಯಿಂದ. ತುಂಬಾ ಮಕ್ಕಳಿಗೆ ಹೀಗಾಗುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಹೆದರಿ ಎರಡನೆಯದು ಬಿಟ್ಟಿದ್ದೀರಿ, ಮಗುವಿಗೆ ಈಗ 5 ತಿಂಗಳು, ಅಲ್ವಾ? ಮೊದಲಿಂದ ಶುರು ಮಾಡುವುದು ಬೇಡ. ಹಾಕಿಸಿದ ಡೋಸ್ ಲೆಕ್ಕಕ್ಕಿದೆ. ಆದರೆ ಇನ್ನು ತಡ ಮಾಡಬೇಡಿ, ನಾಯಿಕೆಮ್ಮು ಎಳೆ ಕೂಸುಗಳಿಗೇ ಜಾಸ್ತಿ ಅಪಾಯ.

ಈ ವಾರವೇ ತಾಯಿ ಕಾರ್ಡ್ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಪೋಲಿಯೊ ಹನಿಯೂ ತಪ್ಪಿರಬಹುದು, ಕಾರ್ಡ್ ತೋರಿಸಿ ಕೇಳಿ. ಆವತ್ತು ಫಿಟ್ಸ್ ಬಂದಿದ್ದರೆ, ಇಲ್ಲವೇ ಗಂಟೆಗಟ್ಟಲೆ ಅಳು ನಿಂತಿರದಿದ್ದರೆ, ಸೂಜಿಗೆ ಮೊದಲೇ ವೈದ್ಯರಿಗೆ ಹೇಳಿ. ಆಗ ಏನು ಮಾಡಬೇಕೆಂದು ಅವರೇ ತೀರ್ಮಾನಿಸಬೇಕು. ಅಂಥದ್ದೇನೂ ಇಲ್ಲದಿದ್ದರೆ ಎರಡನೆಯದು ಹಾಕಿಸಿ, 4 ವಾರ ಬಿಟ್ಟು ಮೂರನೆಯದು. ಜ್ವರ ಬಂದರೆ ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕೆಂದು ಮಗುವಿನ ತೂಕ ನೋಡಿಸಿ ಅಲ್ಲೇ ಬರೆಸಿಕೊಳ್ಳಿ.