ಸಂಪಾದಕರ ಉತ್ತರ: ಬೀರುವಿನಲ್ಲಿ ಮಲಗಿರುವ ರಿವಾಲ್ವರ್

ತುಮಕೂರು ಜಿಲ್ಲೆಯ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಹಾಕುತ್ತಿಲ್ಲ. ಪತ್ರದ ಸಾರ ಇಷ್ಟು: ಅಡಿಕೆ ತೋಟದ ನಡುವೆ ಒಂಟಿ ಮನೆ, ಇರುವುದು ಗಂಡ ಹೆಂಡತಿ ಇಬ್ಬರೇ. ಕಳೆದ ತಿಂಗಳು ಮೈಲಿಯಾಚೆಯ ಮನೆಗೆ ಕಳ್ಳರು ನುಗ್ಗಿ, ಮನೆಯವರನ್ನು ಕಟ್ಟಿಹಾಕಿ, ಒಡವೆಯ ಜೊತೆಗೆ ಅಡಿಕೆ ಮೂಟೆಗಳನ್ನೂ ಹೊತ್ತೊಯ್ದರು. ಅಂದಿನಿಂದ ಇವರಿಗೆ ನಿದ್ದೆಯಿಲ್ಲ; ರಿವಾಲ್ವರ್ ಪರವಾನಗಿಗೆ ಅರ್ಜಿ ಹಾಕಲು ಹೊರಟಿದ್ದಾರೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಇದೇ ಹೊತ್ತಿಗೆ ಜೂಡೋ ತರಗತಿಗೆ ಸೇರಲು ಹಣ ಕೇಳಿದ್ದಾಳೆ. "ಚಾಕು ಹಿಡಿದವನ ಮುಂದೆ ಜೂಡೋ ಏನು ಮಾಡೀತು? ಆ ದುಡ್ಡನ್ನು ಕೂಡಿಟ್ಟು ಅವಳಿಗೂ ಒಂದು ಪಿಸ್ತೂಲು ಕೊಡಿಸುವುದು ಲೇಸು. ಗರಡಿ ಮನೆಗಳ ಬಗ್ಗೆ ಲೇಖನ ಹಾಕಿ ಕಣ್ಣೀರು ಸುರಿಸಿದ್ದೀರಿ. ಕಾಲ ಬದಲಾಗಿದೆ ಸ್ವಾಮಿ" ಎಂದು ಕೊನೆಯಲ್ಲಿ ನನಗೂ ಒಂದು ಪೆಟ್ಟು ಕೊಟ್ಟಿದ್ದಾರೆ.

ಮಾನ್ಯರೇ, ಪೆಟ್ಟು ಸರಿಯಾಗಿಯೇ ಬಿದ್ದಿದೆ. ನಾಲ್ಕು ಪುಟವನ್ನು ಕೈಬರಹದಲ್ಲಿ, ಒಂದು ಕಾಗುಣಿತ ತಪ್ಪದೆ ಬರೆಯುವವರು ಈಗ ಎಷ್ಟು ಜನ ಉಳಿದಿದ್ದಾರೆ? ಅದಕ್ಕಾಗಿಯಾದರೂ ನಿಮಗೆ ಉದ್ದದ ಉತ್ತರ ಸಲ್ಲಬೇಕು.

ನಿಮ್ಮ ಪಾಲಿನದನ್ನು ಮೊದಲು ಕೊಟ್ಟುಬಿಡುತ್ತೇನೆ. ಕೋವಿ ಎಂದ ಕೂಡಲೇ ಮೂಗು ಮುರಿಯುವವನು ನಾನಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಯ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ, ಗಂಧವಿಟ್ಟು ಪೂಜೆ ಮಾಡುವುದನ್ನು ಕಂಡಿದ್ದೇನೆ. 1861ರಲ್ಲಿ, ಬ್ರಿಟಿಷರ ಕಾಲದಲ್ಲಿ, ಕೊಡವರಿಗೆ ಕೋವಿ ಪರವಾನಗಿಯಿಂದ ಸಿಕ್ಕ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು; ನಮ್ಮ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಹಿರಿಯರು ತೀರಿಕೊಂಡರೆ ಎರಡು. ಕೋವಿ ಆ ಮನೆಗಳಲ್ಲಿ ಒಬ್ಬ ಸದಸ್ಯನಂತೆ ಬೆಳೆದಿದೆ, ಮಕ್ಕಳು ಅದರ ಮುಂದೆ ಹೇಗಿರಬೇಕೆಂದು ಕಲಿತೇ ಬೆಳೆಯುತ್ತಾರೆ. ಇನ್ನು ಮಲೆನಾಡಿನ ತೋಟಗಾರ ಹಂದಿ, ಆನೆ, ಮಂಗಗಳ ಕಾಟಕ್ಕೆ ಕೇಪಿನ ಕೋವಿಯನ್ನೋ ಒಂಟಿನಳಿಗೆಯನ್ನೋ ಇಟ್ಟುಕೊಂಡರೆ ಯಾರೂ ಬೇಡವೆನ್ನುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಬೆಳೆ ರಕ್ಷಣೆಯ ಕೋವಿಗೆ ಪ್ರತ್ಯೇಕವಾಗಿ ಜಾಗ ಮಾಡಿಕೊಟ್ಟಿದೆ. ನಿಮ್ಮ ಕೋವಿಯ ಪರವಾಗಿ ನಾನು ಹೇಳುವುದು ಇಷ್ಟೇ. ಮುಂದಕ್ಕೆ ನಿಮಗೆ ಹಿತವಾಗುವ ಮಾತು ಕಡಿಮೆ.

ನನ್ನ ಸೋದರಮಾವನ ಬಳಿ ಒಂದು ರಿವಾಲ್ವರ್ ಇತ್ತು. ಪಟೇಲಿಕೆಯ ಮನೆತನ, ತಂದೆಯಿಂದ ಬಂದದ್ದು. ಹಳೆಯ ಮಲ್ ಪಂಚೆಯಲ್ಲಿ ಸುತ್ತಿ, ಕಬ್ಬಿಣದ ಬೀರುವಿನ ಒಳಖಾನೆಯಲ್ಲಿ, ಮದುವೆಯ ಧಾರೆ ಸೀರೆಗಳ ಕೆಳಗೆ ಮಲಗಿಸಿದ್ದರು. ನುಸಿಗುಳಿಗೆಯ ವಾಸನೆ ಹೊಡೆಯುವ ರಿವಾಲ್ವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊಮ್ಮಕ್ಕಳ ಭಯಕ್ಕೆ ಕಾಡತೂಸುಗಳು ಅಟ್ಟದ ಟ್ರಂಕಿನಲ್ಲಿ. ಬೀರುವಿನ ಕೀಲಿ ಅತ್ತೆಯ ಸೊಂಟದ ಗೊಂಚಲಿನಲ್ಲಿ, ಟ್ರಂಕಿನದು ದೇವರ ಮನೆಯ ಗೂಡಿನಲ್ಲಿ. ಒಂದು ರಾತ್ರಿ ಎರಡು ಗಂಟೆಗೆ ಹಿತ್ತಿಲಲ್ಲಿ ಸದ್ದಾಯಿತು. ಮಾವ ಎದ್ದರು. ಮೊದಲು ಕನ್ನಡಕ ಹುಡುಕಿದರು. ಅತ್ತೆಯನ್ನು ಎಬ್ಬಿಸಿದರು, ಅತ್ತೆ ಗೊಂಚಲಿನ ಹದಿನೈದು ಕೀಲಿಗಳಲ್ಲಿ ಒಂದನ್ನು ಕತ್ತಲಲ್ಲಿ ಬೆರಳಿನಿಂದ ಸವರಿ ಗುರುತು ಹಿಡಿದರು. ಬೀರು ಕಿರುಗುಟ್ಟುತ್ತ ತೆರೆಯಿತು. ಅಟ್ಟಕ್ಕೆ ಏಣಿ ಬೇಕು, ಏಣಿ ಇದ್ದದ್ದು ಹಿತ್ತಿಲಲ್ಲಿ, ಕಳ್ಳನ ಪಕ್ಕದಲ್ಲಿ. ಕಡೆಗೆ ಆಳುಮಗ ಮೇಜಿನ ಮೇಲೆ ಸ್ಟೂಲು ಹಾಕಿ ಹತ್ತಿ ಕಾಡತೂಸು ಇಳಿಸಿಕೊಟ್ಟ. ಮಾವ ಕಿಟಕಿಯಿಂದ ಒಂದು ಈಡು ಹೊಡೆದರು. ಅಷ್ಟರಲ್ಲಿ ಬಚ್ಚಲುಮನೆಯ ತಾಮ್ರದ ಹಂಡೆ ಊರ ಗಡಿ ದಾಟಿತ್ತು. ಈಡು ತಗುಲಿದ್ದು ತೆಂಗಿನ ಮರಕ್ಕೆ. ಮರುದಿನ ಹಂಡೆಯ ದೂರು ಕೊಡಲು ಹೋದವರಿಗೆ ಆ ಒಂದು ಈಡಿನ ಲೆಕ್ಕ ಬರೆದುಕೊಡುವುದರಲ್ಲೇ ಸಂಜೆಯಾಯಿತು.

ನಗಬೇಡಿ. ಮಾವ ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಕೋವಿಯನ್ನೂ ಕಾಡತೂಸನ್ನೂ ಬೇರೆಬೇರೆ ಬೀಗದಲ್ಲಿ ಇಡಲೇಬೇಕು. ಹಾಗೆ ಇಟ್ಟರೆ ನಡುರಾತ್ರಿ ಕೈಗೆ ಸಿಗುವುದಿಲ್ಲ. ದಿಂಬಿನಡಿ ಇಟ್ಟುಕೊಂಡರೆ ಸಿಗುತ್ತದೆ, ಮೊಮ್ಮಗನ ಕೈಗೂ ಸಿಗುತ್ತದೆ. ಮನೆಮನೆಯಲ್ಲಿ ಪಿಸ್ತೂಲಿರುವ ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಕಳ್ಳನಿಗೆಂದು ತಂದದ್ದನ್ನು ಒಂದು ಕೆಟ್ಟ ಸಂಜೆ ಮನೆಯವರೇ ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಅಡಿಕೆಯ ಧಾರಣೆ ಬಿದ್ದ ವರ್ಷ, ಸಾಲದ ನೋಟಿಸು ಬಂದ ವಾರ, ನಿಮ್ಮ ಬೀರುವಿನಲ್ಲಿ ಏನಿರಬೇಕು ಎಂದು ನೀವೇ ಯೋಚಿಸಿ.

ಚಾಕುವಿನ ಪ್ರಶ್ನೆ ಎತ್ತಿದ್ದೀರಿ, ಒಳ್ಳೆಯದು. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯುಲರ್ ಒಂದು ಲೆಕ್ಕ ಮುಂದಿಟ್ಟ: ಚಾಕು ಹಿಡಿದವನು 21 ಅಡಿ ದೂರದಿಂದ ಓಡಿಬಂದು ಮೈಮೇಲೆ ಬೀಳಲು ಒಂದೂವರೆ ಸೆಕೆಂಡು ಸಾಕು. ಸೊಂಟದ ಚೀಲದಿಂದ ರಿವಾಲ್ವರ್ ಎಳೆದು ಗುರಿಯಿಡಲು ತರಬೇತಾದ ಪೊಲೀಸನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ನಿಮ್ಮ ನಡುಮನೆ 21 ಅಡಿ ಇದೆಯೇ? ನಮ್ಮದು ಹದಿನಾಲ್ಕು. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನೋಡಿದವರಿಗೆ ಇದು ಹೊಸದೇನಲ್ಲ. ವಾರಗಟ್ಟಲೆ ತಾಲೀಮು ಮಾಡಿ ಬಂದವರು ಎದುರುಬದುರು ನಿಲ್ಲುತ್ತಾರೆ, ಬೋಳಿಸಿದ ತಲೆಯ ಮೇಲೆ ಮೊದಲ ರಕ್ತ ಕಾಣುತ್ತದೆ, ಮುಗಿಯಿತು. ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದ ನಮ್ಮ ಛಾಯಾಗ್ರಾಹಕ ಎರಡು ವರ್ಷ ಬರಿಗೈಯಲ್ಲಿ ವಾಪಸು ಬಂದಿದ್ದಾನೆ.

ಹಾಗೆಂದು ಜೂಡೋ ಕಲಿತವಳು ಚಾಕುವನ್ನು ಕಿತ್ತುಕೊಳ್ಳುತ್ತಾಳೆ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಗುರು ಯಾರೂ ಹಾಗೆ ಹೇಳುವುದಿಲ್ಲ, ಚಾಕು ಕಂಡರೆ ಓಡು ಎನ್ನುತ್ತಾರೆ. ಆದರೆ ಆ ಓಟಕ್ಕೂ ಕಾಲಿನಲ್ಲಿ ಕಸುವು, ಎದೆಯಲ್ಲಿ ಉಸಿರು ಬೇಕಲ್ಲವೇ?

ಈಗ ನನ್ನ ಗರಡಿಗೆ ಬರುತ್ತೇನೆ. ಬಾರದೆ ಇರಲಾರೆ ಎಂದು ನಿಮಗೂ ಗೊತ್ತಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ನಮ್ಮಪ್ಪ ನನ್ನನ್ನು ಮೈಸೂರಿನ ಒಂದು ಗರಡಿಗೆ ಬಿಟ್ಟರು. ನಾಲ್ಕನೆಯ ದಿನದೊಳಗೆ ಭೀಮನಾಗುತ್ತೇನೆ ಎಂದುಕೊಂಡಿದ್ದೆ. ಉಸ್ತಾದರು ಕೈಗೆ ಗುದ್ದಲಿ ಕೊಟ್ಟರು. ಒಂದು ತಿಂಗಳು ಬೆಳಗಿನ ಐದು ಗಂಟೆಗೆ ಹೋಗಿ ಅಖಾಡದ ಕೆಮ್ಮಣ್ಣು ಅಗೆದು, ಹೆಂಟೆ ಒಡೆದು, ಅರಿಶಿನ, ಎಣ್ಣೆ, ಮಜ್ಜಿಗೆ ಬೆರೆಸಿ, ಬರಿಗಾಲಲ್ಲಿ ತುಳಿದು ಹದಮಾಡುವುದೇ ಕೆಲಸ. ಆ ಮಣ್ಣು ಹಿಡಿಯಲ್ಲಿ ಅಮುಕಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಅದಾದ ಮೇಲೆ ಮತ್ತೊಂದು ತಿಂಗಳು ಬೀಳುವ ಪಾಠ. ಹಿಂದಕ್ಕೆ ಬೀಳುವುದು, ಪಕ್ಕಕ್ಕೆ ಬೀಳುವುದು, ಗದ್ದವನ್ನು ಎದೆಗೆ ಒತ್ತಿಕೊಂಡು ಬೀಳುವುದು. "ಮಣ್ಣಿಗೆ ಹೆದರುವವನು ಮನುಷ್ಯನಿಗೂ ಹೆದರುತ್ತಾನೆ" ಎನ್ನುತ್ತಿದ್ದರು ಉಸ್ತಾದರು. ಜಿಗೋರೊ ಕಾನೋ 1882ರಲ್ಲಿ ಜಪಾನಿನಲ್ಲಿ ಕಟ್ಟಿದ ಜೂಡೋದಲ್ಲೂ ಮೊದಲ ಪಾಠ ಬೀಳುವುದೇ ಎಂದು ಬಹಳ ವರ್ಷಗಳ ನಂತರ ಓದಿದಾಗ ಉಸ್ತಾದರಿಗೆ ಹೇಳೋಣವೆನಿಸಿತು. ಅಷ್ಟರಲ್ಲಿ ಅವರೂ ಇರಲಿಲ್ಲ, ಗರಡಿಯೂ ಇರಲಿಲ್ಲ.

ಆ ವಿದ್ಯೆಯಿಂದ ನಾನು ಇದುವರೆಗೆ ಒಬ್ಬ ಕಳ್ಳನನ್ನೂ ಕೆಡವಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ಮಳೆಗಾಲದ ಒಂದು ಬೆಳಿಗ್ಗೆ ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿದೆ. ಬುದ್ಧಿಗೆ ತಿಳಿಯುವ ಮೊದಲೇ ಗದ್ದ ಎದೆಗೆ ಬಂದಿತ್ತು, ತೋಳು ಚಪ್ಪಟೆಯಾಗಿ ನೆಲಕ್ಕೆ ಬಡಿದಿತ್ತು. ಎದ್ದು ಕೂತು ನೋಡಿದರೆ ಮೊಣಕೈ ತರಚಿತ್ತು, ಅಷ್ಟೆ. ನಲವತ್ತಾರು ವರ್ಷ ಒಮ್ಮೆಯೂ ಎಣ್ಣೆ ಹಾಕದೆ ಇಟ್ಟ ರಿವಾಲ್ವರ್ ಹಾಗೆ ಕೆಲಸಕ್ಕೆ ಬರುತ್ತದೆಯೇ, ಹೇಳಿ.

ಒನಕೆ ಓಬವ್ವನನ್ನು ನೆನಪಿಸಿಕೊಳ್ಳಿ. ಚಿತ್ರದುರ್ಗದ ಆ ಕಿಂಡಿಯ ಹೊರಗೆ ನಿಂತಿದ್ದದ್ದು ಹೈದರಾಲಿಯ ಸೈನ್ಯ, ಬಂದೂಕು ಫಿರಂಗಿಗಳಿದ್ದ ಸೈನ್ಯ. ಒಳಗೆ ಒಬ್ಬಳು ಹೆಂಗಸು, ಕೈಯಲ್ಲಿ ಒನಕೆ. ಅವಳ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೊಳೆಯುವುದು ಅವಳ ತೋಳು. ದಿನಾ ಭತ್ತ ಕುಟ್ಟಿದ ತೋಳು ಅದು. ಒನಕೆಯ ತೂಕ, ಅದು ಏಳುವ ಎತ್ತರ, ಇಳಿಯುವ ಜಾಗ ಎಲ್ಲ ಆ ತೋಳಿಗೆ ಕಂಠಪಾಠ. ಕಿಂಡಿ ಇಕ್ಕಟ್ಟು, ಒಬ್ಬೊಬ್ಬನೇ ತಲೆ ತೂರಿಸಬೇಕು. ಅವಳು ಮಾಡಿದ್ದು ದಿನವೂ ಮಾಡುತ್ತಿದ್ದ ಕೆಲಸವನ್ನೇ. ಆ ಹೊತ್ತಿನಲ್ಲಿ ಅವಳ ಕೈಗೆ ತುಂಬಿದ ಬಂದೂಕು ಕೊಟ್ಟಿದ್ದರೆ ದುರ್ಗದ ಕಥೆ ಬೇರೆಯಾಗುತ್ತಿತ್ತು. ಸರ್ಕಾರ ವಿದ್ಯಾರ್ಥಿನಿಲಯದ ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸುವ ಯೋಜನೆಗೆ ಅವಳ ಹೆಸರಿಟ್ಟಿದೆ. ಬಹಳ ಸರಿ. ಆದರೆ ಕೆಲವು ತಿಂಗಳ ತರಬೇತಿ, ಒಂದು ಪ್ರಮಾಣಪತ್ರ, ಒಂದು ಗುಂಪು ಫೋಟೋ. ಮುಂದಿನ ವರ್ಷ ಆ ಹುಡುಗಿಯರು ಎಲ್ಲಿ ಅಭ್ಯಾಸ ಮಾಡುತ್ತಾರೆ? ಓಬವ್ವ ಕೋರ್ಸು ಮುಗಿಸಿದವಳಲ್ಲ.

ಮಗಳಿಗೆ ಪಿಸ್ತೂಲು ಎಂದಿದ್ದೀರಿ. 2012ರ ದೆಹಲಿಯ ಆ ಘೋರದ ನಂತರ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ರಿವಾಲ್ವರನ್ನು ಹೆಂಗಸರಿಗೆಂದೇ ಹೊರತಂದಿತು. ಅರ್ಧ ಕಿಲೋ ತೂಕ, 1.2 ಲಕ್ಷ ರೂಪಾಯಿಗೂ ಮೇಲೆ ಬೆಲೆ. ಅದನ್ನು ಕೊಡುತ್ತಿದ್ದದ್ದು ಒಡವೆ ಪೆಟ್ಟಿಗೆಯಲ್ಲಿ! ಹೆಣ್ಣುಮಕ್ಕಳಿಗೆ ಒಡವೆ ಇಷ್ಟವಂತೆ. ಅದನ್ನು ಕೇಳಿ ನನ್ನ ಹೆಂಡತಿ, "ಒಡವೆ ಇದೆ ಅಂತಲೇ ಅಲ್ಲವೇ ಕಳ್ಳ ಬರುವುದು" ಎಂದಳು. ಆ ಮಾತಿಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಇರಲಿ, ಲೆಕ್ಕಕ್ಕೆ ಬರೋಣ. ಇಪ್ಪತ್ತೊಂದು ತುಂಬುವವರೆಗೆ ನಿಮ್ಮ ಮಗಳಿಗೆ ಪರವಾನಗಿಯೇ ಸಿಗುವುದಿಲ್ಲ. ತುಂಬಿತೆನ್ನಿ; 2016ರ ನಿಯಮಗಳಂತೆ ಸುರಕ್ಷತಾ ತರಬೇತಿ, ಪೊಲೀಸ್ ವರದಿ ಎಲ್ಲ ಮುಗಿದು ಕೈಗೆ ಬಂತೆನ್ನಿ. ಹಾಸ್ಟೆಲಿನಲ್ಲಿ ಎಲ್ಲಿಡುತ್ತಾಳೆ? ಮೆಟ್ರೋ ನಿಲ್ದಾಣದ ತಪಾಸಣೆಯಲ್ಲಿ ಏನು ಮಾಡುತ್ತಾಳೆ? ಕಾಲೇಜಿನ ಗೇಟಿನಲ್ಲಿ? ಸಂಜೆ ಏಳರ ಕಿಕ್ಕಿರಿದ ಬಸ್ಸಿನಲ್ಲಿ ಹಿಂದಿನಿಂದ ಕೈಹಾಕುವವನಿಗೆ ಗುಂಡು ಹೊಡೆಯುತ್ತಾಳೆಯೇ? ಆತ್ಮರಕ್ಷಣೆಯ ಹಕ್ಕನ್ನು ಮೊದಲು ದಂಡಸಂಹಿತೆಯೂ 2024ರ ಜುಲೈಯಿಂದ ನ್ಯಾಯಸಂಹಿತೆಯೂ ಕೊಟ್ಟಿವೆ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು ಎಂಬ ಕಟ್ಟು ಹಾಕಿಯೇ ಕೊಟ್ಟಿವೆ. ಮಣಿಕಟ್ಟು ತಿರುಚಿ, ಮೊಣಕೈಯಿಂದ ಒಂದು ತಿವಿದು, ಬಸ್ಸೆಲ್ಲ ತಿರುಗಿ ನೋಡುವಂತೆ ಕೂಗುವುದು ಆ ಕಟ್ಟಿನೊಳಗೆ ಬರುತ್ತದೆ. ಪಿಸ್ತೂಲಿನಲ್ಲಿ ಕಡಿಮೆ ಹೆಚ್ಚು ಎಂಬ ಅಳತೆಯೇ ಇಲ್ಲ.

ಕೂಗುವುದು ಎಂದೆ. ಅದೂ ಕಲಿಯಬೇಕಾದ ವಿದ್ಯೆ. ನಮ್ಮ ಹೆಣ್ಣುಮಕ್ಕಳಿಗೆ ಮೂರು ವರ್ಷದಿಂದಲೇ ಮೆಲ್ಲಗೆ ಮಾತಾಡು ಎಂದು ಕಲಿಸಿ, ಇಪ್ಪತ್ತಕ್ಕೆ ಕಾರದಪುಡಿಯ ಡಬ್ಬಿ ಕೊಟ್ಟು ಊರಿಗೆ ಕಳಿಸುತ್ತೇವೆ.

ಗಂಡುಮಕ್ಕಳಿಗಾದರೂ ಏನು ಕಲಿಸುತ್ತಿದ್ದೇವೆ? ಶಾಲೆಗಳಲ್ಲಿ ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ನುಂಗಿದ್ದಾರೆ. ಡ್ರಿಲ್ ಮೇಷ್ಟ್ರು ನಿವೃತ್ತರಾದರೆ ಆ ಕುರ್ಚಿಗೆ ಮತ್ತೊಬ್ಬರು ಬರುವುದಿಲ್ಲ. ಮೈದಾನದಲ್ಲಿ ಹೊಸ ಕಟ್ಟಡ ಎದ್ದಿದೆ, ಅದರ ಗೋಡೆಯ ಮೇಲೆ ಓಡುವ ಹುಡುಗನ ಚಿತ್ರ ಬರೆಸಿದ್ದಾರೆ. ನಾನು ಮಣ್ಣು ತುಳಿದ ಗರಡಿ ಈಗ ಪ್ಲಾಸ್ಟಿಕ್ ಕುರ್ಚಿಗಳ ಉಗ್ರಾಣ. ಹನುಮಂತನ ಗೂಡಿನಲ್ಲಿ ವಿದ್ಯುತ್ ಮೀಟರಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಾಜ್ಯಭಾರದ ನಡುವೆ ಕೂತು ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ದರ್ಜೆ, ಊಟ, ತಾಲೀಮುಗಳಿಗೆಂದೇ ಒಂದು ಪ್ರಕರಣವಿದೆ. ಮಲ್ಲನಿಗೆ ಏನು ಉಣ್ಣಿಸಬೇಕೆಂಬುದು ಅಂದು ದೊರೆಯ ಯೋಚನೆಗೆ ಬರುತ್ತಿತ್ತು. ಈಗ ಪೈಲ್ವಾನನ ಮಾಸಾಶನದ ಸುದ್ದಿ ಹಾಕಿದರೆ ನಮ್ಮ ಓದುಗರೇ ಪುಟ ಮಗುಚುತ್ತಾರೆ. ಕರಾಟೆಯ ಹೆಸರಿನಲ್ಲಿ ಮೂರು ತಿಂಗಳಿಗೊಂದು ಬಣ್ಣದ ಪಟ್ಟಿ ಮಾರುವ ಅಂಗಡಿಗಳ ಬಗ್ಗೆ ನನಗೂ ಸಿಟ್ಟಿದೆ. ಎಂಟು ವರ್ಷದ ಮಗುವಿನ ಸೊಂಟಕ್ಕೆ ಕಪ್ಪು ಪಟ್ಟಿ ಕಟ್ಟಿ ಹಂಚು ಒಡೆಸುತ್ತಾರೆ. ಹಂಚು ತಿರುಗಿ ಹೊಡೆಯುವುದಿಲ್ಲವಲ್ಲ.

ಆದ್ದರಿಂದ ಮಗಳು ಸೇರುವ ಜೂಡೋ ತರಗತಿಯನ್ನು ಒಮ್ಮೆ ಹೋಗಿ ನೋಡಿ ಬನ್ನಿ. ಮೊದಲ ತಿಂಗಳು ಬರೀ ಬೀಳಿಸುತ್ತಿದ್ದರೆ ಧಾರಾಳವಾಗಿ ಶುಲ್ಕ ಕಟ್ಟಿ. ಮೊದಲ ದಿನವೇ ಚಾಕು ಕಿತ್ತುಕೊಳ್ಳುವುದನ್ನು ತೋರಿಸಿದರೆ ಕರೆದುಕೊಂಡು ಬಂದುಬಿಡಿ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಅಡಿಕೆ ಮೂಟೆಗಳನ್ನು ಮನೆಯಲ್ಲಿ ಪೇರಿಸದೆ ಮಂಡಿಗೋ ಸೊಸೈಟಿಯ ಗೋದಾಮಿಗೋ ಸಾಗಿಸಿ. ಅಂಗಳಕ್ಕೆ ಎರಡು ದೊಡ್ಡ ದೀಪ ಹಾಕಿಸಿ. ಜಾತಿಯದಲ್ಲದಿದ್ದರೂ ಗಂಟಲು ದೊಡ್ಡದಿರುವ ಎರಡು ನಾಯಿ ಸಾಕಿ. ಮೈಲಿಯಾಚೆಯ ಆ ಮನೆಯವರನ್ನು ವಾರಕ್ಕೊಮ್ಮೆಯಾದರೂ ಮಾತಾಡಿಸಿ. ಅವರಿಗೂ ನಿದ್ದೆ ಬರುತ್ತಿರಲಾರದು.

ಇಷ್ಟೆಲ್ಲ ಓದಿಯೂ ರಿವಾಲ್ವರ್ ಬೇಕೇ ಬೇಕೆಂದರೆ ಅರ್ಜಿ ಹಾಕಿ, ನಾನು ಅಡ್ಡ ಬರುವುದಿಲ್ಲ. ಒಂದು ವಿಷಯ ಮಾತ್ರ ತಿಳಿದಿರಲಿ. ಚುನಾವಣೆ ಘೋಷಣೆಯಾದರೆ ಪರವಾನಗಿ ಇರುವ ಕೋವಿಗಳನ್ನು ಠಾಣೆಗೆ ತಂದೊಪ್ಪಿಸಿ ಎಂಬ ಆದೇಶ ಬರುತ್ತದೆ. ವಿಧಾನಸಭೆ, ಲೋಕಸಭೆ, ನಡುವೆ ಪಂಚಾಯಿತಿಗಳು ಬೇರೆ. ಮಾವನ ರಿವಾಲ್ವರ್ ಅವರ ಮನೆಯಲ್ಲಿದ್ದಷ್ಟೇ ಠಾಣೆಯಲ್ಲೂ ಇತ್ತೇನೋ. ಹಂಡೆ ಹೋದ ಮರುವರ್ಷ ಕಳ್ಳ ಮತ್ತೆ ಬಂದ, ಮತದಾನಕ್ಕೆ ಸರಿಯಾಗಿ ಒಂದು ವಾರ ಮುಂಚೆ. ಆ ಸಲ ಹಿತ್ತಿಲ ಏಣಿಯನ್ನು ಹೊತ್ತುಕೊಂಡು ಹೋದ.

— ಸಂ.