ಟಿವಿಯ ಕೈತೋಟ ಕಾರ್ಯಕ್ರಮದಂತೆ ಮಾಡಿದರೂ ಹುಬ್ಬಳ್ಳಿಯಲ್ಲಿ ಗಿಡ ಯಾಕೆ ಸಾಯುತ್ತವೆ?

ಈ ಕಾರ್ಯಕ್ರಮಗಳನ್ನು ನೋಡುವ ನಮ್ಮ ಕಡೆಯವರು ಇದೇ ಮಾತು ಹೇಳುತ್ತಾರೆ: "ತೋರಿಸಿದ ಹಾಗೇ ಮಾಡಿದ್ವಿ, ಗಿಡ ಕೊಳೀತು." ಅವರ ಬೇಸರ ನ್ಯಾಯವಾದದ್ದೇ. ಟಿವಿಯಲ್ಲಿ ಹೇಳಿದ್ದು ತಪ್ಪಲ್ಲ, ನಮ್ಮ ಮಣ್ಣು ಬೇರೆ.

ಟಿವಿಯಲ್ಲಿ ಹೆಚ್ಚಾಗಿ ಕಾಣುವುದು ಕೆಂಪು ಮಣ್ಣು. ನಮ್ಮ ಕಡೆ ಮಸಾರಿ ಎನ್ನುವ ಮಣ್ಣು ಅದಕ್ಕೆ ಹತ್ತಿರ. ಆದರೆ ಹುಬ್ಬಳ್ಳಿಯಿಂದ ಗದಗ, ನವಲಗುಂದದ ಕಡೆ ಹೊರಟರೆ ಬಹುತೇಕ ಎರೆ, ಅಂದರೆ ಕಪ್ಪು ಮಣ್ಣು. ಅದರಲ್ಲಿ ಜೇಡಿ ಜಾಸ್ತಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ದಿನಾ ನೀರು ಹಾಕಿದರೆ ಬೇರಿಗೆ ಗಾಳಿಯೇ ಸಿಗುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಎರಡು ಇಂಚು ಕೆಳಗೆ ಹಸಿ ಇರುತ್ತದೆ. ಬೆರಳು ಹಾಕಿ ನೋಡಿ, ಆಮೇಲೆ ನೀರು ಹಾಕಿ.

ಕುಂಡಕ್ಕೆ ಬರೀ ಎರೆ ತುಂಬಬೇಡಿ. ಮಸಾರಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಸ್ವಲ್ಪ ದಪ್ಪ ಮರಳು ಬೆರೆಸಿ. ಹಿತ್ತಲಲ್ಲಾದರೆ ಅರ್ಧ ಅಡಿ ಏರು ಮಡಿ ಮಾಡಿ, ಮಳೆಗಾಲದಲ್ಲಿ ನೀರು ಹರಿದು ಹೋಗಲಿ. ಬೇಸಿಗೆಯಲ್ಲಿ ಒಣ ಎಲೆ ಹೊದಿಸಿದರೆ ಬಿರುಕೂ ಕಡಿಮೆ.

ಇನ್ನೊಂದು ದೂರು, ನಲ್ಲಿ ನೀರು ದಿನಾ ಬರುವುದಿಲ್ಲ ಎಂಬುದು. ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೆ ಧಾರಾಳವಾಗಿ ಹಾಕಬಹುದು. ಸೋಪಿನ ನೀರು ಬೇಡ.

ಮಣ್ಣು ಪರೀಕ್ಷೆ ಬೇಕಿದ್ದರೆ 1986ರಲ್ಲಿ ಶುರುವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಅಲ್ಲಿನ ಕೃಷಿ ಮೇಳಕ್ಕೂ ಹೋಗಿ, ನಮ್ಮ ಮಣ್ಣಿಗೆ ಒಗ್ಗುವ ತಳಿಗಳನ್ನು ಕಣ್ಣಾರೆ ನೋಡಬಹುದು.